ಇಬ್ರೇ ಕಾರಲ್ಲಿ ಕೊಡಗಿಗೆ ಬರ್ತಿದೀವಿ, ಮಡಿಕೇರಿಲೇ ರೂಮ್ ಮಾಡಿ ಎಲ್ಲಾ ಸುತ್ಬಹುದಾ?

ಪ್ರಶ್ನೆ: ನಾನು ನನ್ನ ಹೆಂಡ್ತಿ ಇಬ್ರೇ, ಬೆಂಗಳೂರಿಂದ ಸ್ವಂತ ಕಾರಲ್ಲಿ ಮೂರು ರಾತ್ರಿ ನಾಲ್ಕು ದಿನಕ್ಕೆ ಕೊಡಗಿಗೆ ಬರ್ತಿದೀವಿ. ಗೋಲ್ಡನ್ ಟೆಂಪಲ್, ನಿಸರ್ಗಧಾಮ, ದುಬಾರೆ, ಹಾರಂಗಿ, ಅಬ್ಬಿ ಫಾಲ್ಸ್, ರಾಜಾಸೀಟ್, ಮಾಂದಲಪಟ್ಟಿ, ಮಲ್ಲಳ್ಳಿ, ತಲಕಾವೇರಿ, ಚೇಲಾವರ, ತಡಿಯಂಡಮೋಳ್, ಇರ್ಪು, ನಾಗರಹೊಳೆ, ಇಷ್ಟು ಲಿಸ್ಟಲ್ಲಿದೆ. ಮಡಿಕೇರಿಲಿ ಒಂದೇ ಕಡೆ ರೂಮ್ ಮಾಡ್ಕೊಂಡು ದಿನಾ ಹೋಗಿ ಬಂದು ಮಾಡಿದ್ರೆ ಆಗುತ್ತಾ?

ಆಗಲ್ಲ. ಅಂದ್ರೆ ಹಠ ಹಿಡಿದ್ರೆ ಹದಿಮೂರರಲ್ಲಿ ಹತ್ತು ಜಾಗದ ಪಾರ್ಕಿಂಗ್ ನೋಡ್ಕೊಂಡು ಬರಬಹುದು. ನಮ್ಮ ಮನೆ ಇರೋದು ಮೂರ್ನಾಡು ಹತ್ರ, ವರ್ಷಕ್ಕೆ ನಾಲ್ಕೈದು ಜೋಡಿ ಹಿಂಗೇ ಲಿಸ್ಟ್ ಹಿಡ್ಕೊಂಡು ಫೋನ್ ಮಾಡ್ತಾರೆ, ಎಲ್ರಿಗೂ ಮೊದಲು ಹೇಳೋದು ಒಂದೇ ಮಾತು, ನಮ್ಮ ಕಡೆ ಕಿಲೋಮೀಟರ್ ಲೆಕ್ಕ ಹಾಕ್ಬೇಡಿ, ಗಂಟೆ ಲೆಕ್ಕ ಹಾಕಿ. ಮಡಿಕೇರಿಯಿಂದ ಭಾಗಮಂಡಲ 39 ಕಿಲೋಮೀಟರ್, ಅಲ್ಲಿಂದ ಮೇಲೆ ತಲಕಾವೇರಿಗೆ ಇನ್ನೊಂದು 8. ಹೆದ್ದಾರಿಲಿ ಆಗಿದ್ರೆ ಮುಕ್ಕಾಲು ಗಂಟೆ. ಇಲ್ಲಿ ತಿರುವು, ಎದುರಿಂದ ಬರೋ ಬಸ್ಸು, ತೋಟದಿಂದ ಹೊರಗೆ ಬರೋ ಜೀಪು, ಮಧ್ಯ ಒಂದು ಕಡೆ ನಿಲ್ಸಿ ಫೋಟೋ, ಎಲ್ಲಾ ಸೇರಿ ಒಂದೂವರೆ ಗಂಟೆ ಈಸಿಯಾಗಿ ಹೋಗುತ್ತೆ, ಮಂಜು ಬಿದ್ರೆ ಅದರ ಮೇಲೆ.

ಮ್ಯಾಪ್ ನೋಡಿದ್ರೆ ಮಡಿಕೇರಿ ನಡುಮನೆ ಇದ್ದಂಗೆ ಕಾಣುತ್ತೆ, ಅದಕ್ಕೇ ಎಲ್ರೂ ಅಲ್ಲೇ ರೂಮ್ ಮಾಡ್ತಾರೆ. ಆದ್ರೆ ಮಲ್ಲಳ್ಳಿ ಇರೋದು ಉತ್ತರಕ್ಕೆ ಸೋಮವಾರಪೇಟೆ ದಾಟಿ, ಇರ್ಪು ಇರೋದು ದಕ್ಷಿಣಕ್ಕೆ ಶ್ರೀಮಂಗಲ ದಾಟಿ ಕುಟ್ಟದ ಕಡೆ, ತಲಕಾವೇರಿ ಪಶ್ಚಿಮಕ್ಕೆ, ದುಬಾರೆ ಪೂರ್ವಕ್ಕೆ. ಒಂದೊಂದು ದಿನ ಒಂದೊಂದು ದಿಕ್ಕಿಗೆ ಹೋಗಿ ಅದೇ ರೋಡಲ್ಲಿ ವಾಪಸ್ ಬಂದು ಮಲಗೋದು ಅಂದ್ರೆ ಪ್ರತಿ ರೋಡೂ ಎರಡು ಸಲ, ಅದರಲ್ಲಿ ಎರಡನೇ ಸಲ ಕತ್ತಲಲ್ಲಿ. ನಮ್ಮ ಯಜಮಾನರ ತಂಗಿ ಮಗ ತುಮಕೂರಿಂದ ಮದುವೆ ಆದ ಹೊಸದರಲ್ಲಿ ಹಿಂಗೇ ಬಂದಿದ್ದ, ಮೊದಲನೇ ದಿನನೇ ದುಬಾರೆ, ಅಬ್ಬಿ, ತಲಕಾವೇರಿ ಅಂತ ಪ್ಲ್ಯಾನ್ ಹಾಕಿ ತಲಕಾವೇರಿ ಮುಟ್ಟೋವಾಗ ಸಂಜೆ ಐದೂವರೆ, ಮಂಜು ಮುಚ್ಚಿ ಎದುರಿಗಿರೋ ಮೆಟ್ಟಿಲೂ ಕಾಣ್ತಿಲ್ಲ, ಆ ಹುಡುಗಿ ಘಾಟಿಲಿ ಎರಡು ಸಲ ವಾಂತಿ ಮಾಡ್ಕೊಂಡು ಸುಸ್ತು. ಕಾರಲ್ಲೇ ಕೂತು ಬಿಸ್ಕೆಟ್ ತಿಂದು ವಾಪಸ್ ಬಂದ್ರಂತೆ. ಮೂರು ದಿನ ಮಾತೇ ಇರ್ಲಿಲ್ಲ ಅಂತ ಆಮೇಲೆ ಇಬ್ರೂ ನಗ್ತಾ ಹೇಳಿದ್ರು, ಆವತ್ತು ನಗು ಇರ್ಲಿಲ್ಲ ಬಿಡಿ.

ಹಂಗಾಗಿ ನಾನು ಹೇಳೋದು, ಒಂದು ಬಾಗಿಲಲ್ಲಿ ಒಳಗೆ ಬನ್ನಿ, ಇನ್ನೊಂದು ಬಾಗಿಲಲ್ಲಿ ಹೊರಗೆ ಹೋಗಿ. ಬರೋವಾಗ ಮೈಸೂರು, ಹುಣಸೂರು, ಕುಶಾಲನಗರ. ಹೋಗೋವಾಗ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ, ಹುಣಸೂರು. ಎರಡು ರಾತ್ರಿ ಮಡಿಕೇರಿ ಸುತ್ತಮುತ್ತ, ಮೂರನೇ ರಾತ್ರಿ ಕಕ್ಕಬ್ಬೆ ಕಡೆ. ರೂಮ್ ಖಾಲಿ ಮಾಡಿ ಇನ್ನೊಂದು ಕಡೆ ಬ್ಯಾಗ್ ಇಳ್ಸೋದು ಒಂದು ರಗಳೆ ಅಂತ ಅನ್ಸುತ್ತೆ, ಇಬ್ರಿಗೆ ಎಷ್ಟು ಬ್ಯಾಗ್ ಇರುತ್ತೆ ಹೇಳಿ, ಹತ್ತು ನಿಮಿಷದ ಕೆಲಸ, ಅದರಿಂದ ಉಳಿಯೋದು ಅರ್ಧ ದಿನ.

ಮೊದಲನೇ ದಿನದ ಬಗ್ಗೆ ಜಾಸ್ತಿ ಆಸೆ ಇಟ್ಕೋಬೇಡಿ. ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ರೂ ತಿಂಡಿ ಕಾಫಿ ಅಂತ ನಿಲ್ಸಿ ಕುಶಾಲನಗರ ಹತ್ರ ಬರೋಷ್ಟರಲ್ಲಿ ಹನ್ನೊಂದು ಆಗಿರುತ್ತೆ. (ಬೈಕಲ್ಲಿ ಬರೋರಿಗೆ ಒಂದು ಮಾತು, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇಲಿ 2023ರ ಆಗಸ್ಟ್‌ನಿಂದ ಟೂ ವೀಲರ್ ಬಿಡಲ್ಲ, ಸರ್ವಿಸ್ ರೋಡೇ ಗತಿ, ಟೈಮ್ ಜಾಸ್ತಿ ಇಟ್ಕೊಳ್ಳಿ.) ಬೈಲಕುಪ್ಪೆ ಗೋಲ್ಡನ್ ಟೆಂಪಲ್ ದಾರಿಲೇ ಸಿಗುತ್ತೆ, ಅದು ಕೊಡಗೇ ಅಲ್ಲ, ಪಿರಿಯಾಪಟ್ಟಣ ತಾಲೂಕು, ಮೈಸೂರು ಜಿಲ್ಲೆ, ಆದ್ರೂ ಎಲ್ರೂ ಕೊಡಗಿನ ಲೆಕ್ಕಕ್ಕೇ ಸೇರಿಸ್ತಾರೆ. ಒಂದು ಗಂಟೆ ಒಳಗೆ ಸುಮ್ನೆ ಕೂತ್ಕೊಂಡು ಮಧ್ಯಾಹ್ನಕ್ಕೆ ಅಲ್ಲೇ ಟಿಬೆಟಿಯನ್ ಹೋಟೆಲಲ್ಲಿ ಬಿಸಿ ತುಕ್ಪಾ (ನೂಡಲ್ಸ್ ಸೂಪ್) ಕುಡ್ದು ಹೊರಡಿ. ದುಬಾರೆಲಿ ಆನೆಗೆ ಸ್ನಾನ ಮಾಡ್ಸೋದು ಬೆಳಗ್ಗೆ ಹೊತ್ತು, ನೀವು ಮುಟ್ಟೋಷ್ಟರಲ್ಲಿ ಮುಗಿದಿರುತ್ತೆ, ಮಧ್ಯಾಹ್ನ ಹೋದ್ರೆ ಹೊಳೆ ನೋಡ್ಕೊಂಡು ಬರಬೇಕಷ್ಟೇ. ನಿಮಗೆ ಆನೆನೇ ಮುಖ್ಯ ಅಂದ್ರೆ ಮೊದಲನೇ ರಾತ್ರಿ ಕುಶಾಲನಗರದಲ್ಲೇ ಉಳ್ಕೊಂಡು ಮಾರನೇ ದಿನ ಬೆಳಗ್ಗೆ ಹೋಗಿ, ಆಗ ಮಡಿಕೇರಿಲಿ ಒಂದು ರಾತ್ರಿ ಕಮ್ಮಿ ಆಗುತ್ತೆ. ನಿಸರ್ಗಧಾಮ, ಹಾರಂಗಿ ಎರಡೂ ಬಿಟ್ಬಿಡಿ, ಮಕ್ಕಳಾದ ಮೇಲೆ ಹೆಂಗಿದ್ರೂ ಬರ್ತೀರಿ.

ಕುಶಾಲನಗರದಿಂದ ಸುಂಟಿಕೊಪ್ಪ ಮೇಲೆ ಮಡಿಕೇರಿಗೆ 30 ಕಿಲೋಮೀಟರ್ ಹತ್ತೋದು, ಇಲ್ಲಿಂದನೇ ಗಾಳಿ ಬದಲಾಗೋದು ಗೊತ್ತಾಗುತ್ತೆ, ಏಸಿ ಆಫ್ ಮಾಡಿ ಗ್ಲಾಸ್ ಇಳ್ಸಿ. ಸಂಜೆ ರಾಜಾಸೀಟ್. ಜನ ಜಾತ್ರೆ ಥರ ಇರ್ತಾರೆ, ಆದ್ರೂ ಹೋಗಿ, ರಾಜರು ಸಂಜೆ ಹೊತ್ತು ಕೂರೋಕೆ ಆ ಜಾಗನೇ ಯಾಕೆ ಆರಿಸ್ಕೊಂಡ್ರು ಅಂತ ಸೂರ್ಯ ಆ ಬೆಟ್ಟಗಳ ಹಿಂದೆ ಇಳಿಯೋವಾಗ ಅರ್ಥ ಆಗುತ್ತೆ.

ಎರಡನೇ ದಿನ ಬೆಳಗ್ಗೆ ಮಾಂದಲಪಟ್ಟಿಗೆ ಹೋಗೋದಾದ್ರೆ ಹಿಂದಿನ ಸಂಜೆನೇ ಜೀಪ್ ಮಾತಾಡ್ಕೊಳ್ಳಿ. ನಿಮ್ಮ ಕಾರು ಮೇಲೆ ಹೋಗಲ್ಲ, ಕೊನೆ ರೋಡ್ ಫೋರ್ ವೀಲ್ ಜೀಪಿಗೇ ಬೆನ್ನುಮೂಳೆ ಮುರಿಯೋ ಥರ ಇದೆ. ಜೀಪಿನವರಿಗೆ ನೇರವಾಗಿ ಕೇಳಿ, ನಿನ್ನೆ ಬೆಳಗ್ಗೆ ಮೇಲೆ ಕಾಣ್ತಿತ್ತಾ ಅಂತ. ಮಂಜು ಕವಿದ್ರೆ ಆ ದುಡ್ಡು ನೀರಲ್ಲಿ ಹೋಮ. ವಾಪಸ್ ಬರೋವಾಗ ಅಬ್ಬಿ, ಕೊಡವ ಭಾಷೇಲಿ ಅಬ್ಬಿ ಅಂದ್ರೇನೇ ಜಲಪಾತ, ಅಬ್ಬಿ ಫಾಲ್ಸ್ ಅಂದ್ರೆ ಜಲಪಾತ ಜಲಪಾತ ಅಂದಂಗೆ, ನಾವೂ ಈಗ ಹಂಗೇ ಅಂತೀವಿ. ಮಾರ್ಚ್ ಏಪ್ರಿಲ್‌ನಲ್ಲಿ ಬರೋದಾದ್ರೆ ನೀರು ಸಣ್ಣಕೆ ಇಳೀತಿರುತ್ತೆ, ಬಿಟ್ರೂ ನಷ್ಟ ಇಲ್ಲ.

ಮಧ್ಯಾಹ್ನ ಊಟ ಮಾಡಿ ಒಂದು ನಿದ್ದೆ ಮಾಡಿ. ನಿಜವಾಗ್ಲೂ. ರಜೆಗೆ ಬಂದಿರೋದು. ಸಂಜೆ ಕೋಟೆ, ಓಂಕಾರೇಶ್ವರ ದೇವಸ್ಥಾನ, ಟೈಮ್ ಇದ್ರೆ ರಾಜರ ಸಮಾಧಿಗಳಿರೋ ಗದ್ದಿಗೆ. ಓಂಕಾರೇಶ್ವರ 1820ರಲ್ಲಿ ಲಿಂಗರಾಜೇಂದ್ರ ಕಟ್ಸಿದ್ದು, ಎದುರಿಗೆ ಕಲ್ಯಾಣಿ, ಮೇಲೆ ಗುಮ್ಮಟ, ಮೊದಲನೇ ಸಲ ನೋಡೋರು ಇದು ದೇವಸ್ಥಾನನಾ ದರ್ಗಾನಾ ಅಂತ ಕೇಳೇ ಕೇಳ್ತಾರೆ. ನಿಮ್ಮಿಬ್ರಲ್ಲಿ ಯಾರಿಗಾದ್ರೂ ಸೇನೆ ಬಗ್ಗೆ ಆಸಕ್ತಿ ಇದ್ರೆ ಜನರಲ್ ತಿಮ್ಮಯ್ಯ ಅವರ ಮನೆ ‘ಸನ್ನಿ ಸೈಡ್’ ಈಗ ಮ್ಯೂಸಿಯಂ, 2021ರಲ್ಲಿ ಓಪನ್ ಆಗಿದ್ದು. ಲಿಸ್ಟ್‌ಗಳಲ್ಲಿ ಇದು ಯಾಕೋ ಇರೋದೇ ಇಲ್ಲ, ಅದರ ಬದಲು ಹೋಂಮೇಡ್ ಚಾಕಲೇಟ್ ಅಂಗಡಿ ಇರುತ್ತೆ.

ಮೂರನೇ ದಿನ ಈ ಟ್ರಿಪ್ಪಿನ ಜೀವ. ಬೇಗ ತಿಂಡಿ ತಿಂದು ಬ್ಯಾಗ್ ಡಿಕ್ಕಿಗೆ ಹಾಕಿ ಹೊರಡಿ. ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ ಸೇರೋ ಸಂಗಮ, ಸುಜ್ಯೋತಿ ಮಾತ್ರ ಕಣ್ಣಿಗೆ ಕಾಣಲ್ಲ, ಗುಪ್ತಗಾಮಿನಿ. ನಮ್ಮವರು ಮೊದಲು ಇಲ್ಲಿ ಮಿಂದು ಭಗಂಡೇಶ್ವರನಿಗೆ ಕೈಮುಗಿದು ಆಮೇಲೆ ಮೇಲೆ ಹೋಗೋದು, ನೀವು ಮೀಯದಿದ್ರೂ ಕಾಲು ತೊಳ್ಕೊಂಡು ಹೋಗಿ. ತಲಕಾವೇರಿ ನಮಗೆ ಪಿಕ್ನಿಕ್ ಸ್ಪಾಟ್ ಅಲ್ಲ, ಕಾವೇರಮ್ಮ ಮನೆದೇವರು, ಶಾರ್ಟ್ಸ್ ಗೀರ್ಟ್ಸ್ ಬೇಡ, ಕಾವೇರಿ ಹುಟ್ಟೋ ಕುಂಡಿಕೆ ಹತ್ರ ರೀಲ್ಸ್ ಬೇಡ, ಇಷ್ಟು ಮಾಡಿದ್ರೆ ಸಾಕು. ಹತ್ತು ಗಂಟೆ ಒಳಗೆ ಮೇಲೆ ಇದ್ರೆ ಜನ ಕಮ್ಮಿ.

ಇಳಿದು ಭಾಗಮಂಡಲದಿಂದ ಮಡಿಕೇರಿ ಕಡೆ ವಾಪಸ್ ತಿರುಗಬೇಡಿ, ನಾಪೋಕ್ಲು ಕಡೆ ಹಿಡೀರಿ, ಅಲ್ಲಿಂದ ಕಕ್ಕಬ್ಬೆ. ಗದ್ದೆ, ತೋಟ, ಕೊಡವ ಕುಟುಂಬಗಳ ಹಳೇ ಐನ್‌ಮನೆಗಳು, ಕೊಡಗು ಅಂದ್ರೆ ನನಗೆ ಈ ರೋಡು, ನಾಡಿನ ಮಗಳು ಅಂತ ಪಕ್ಷಪಾತ ಇದ್ದೇ ಇರುತ್ತೆ, ಇರ್ಲಿ. ಪಾಡಿ ಇಗ್ಗುತ್ತಪ್ಪ ದೇವಸ್ಥಾನ ಇಲ್ಲೇ ಇರೋದು, ಕೊಡವರ ಮಳೆ ಬೆಳೆ ಎಲ್ಲಾ ಅವನ ಕೈಲೇ, ಪುತ್ತರಿ (ನಮ್ಮ ಸುಗ್ಗಿ ಹಬ್ಬ) ದಿನ ನಿಗದಿ ಆಗೋದೂ ಇಲ್ಲೇ. ಮುಂದೆ ನಾಲ್ಕುನಾಡು ಅರಮನೆ, ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಸಿದ್ದು. ಅರಮನೆ ಅಂದ್ರೆ ಮೈಸೂರು ಅರಮನೆ ಕಲ್ಪಿಸ್ಕೊಂಡು ಬರಬೇಡಿ, ಹೆಂಚಿನ ಮನೆ ಥರ ಇರೋದು, ಕೊನೆ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಬ್ರಿಟಿಷರು ಬಂದಾಗ ಅಡಗಿದ್ದ ಜಾಗ. ಸುತ್ತ ನೋಡಿದ್ರೆ ಇಲ್ಲಿಗೇ ಯಾಕೆ ಬಂದ ಅಂತ ಕೇಳೋ ಅಗತ್ಯನೇ ಬೀಳಲ್ಲ. ತಡಿಯಂಡಮೋಳ್ ಹತ್ತೋ ದಾರಿ ಶುರುವಾಗೋದೂ ಇಲ್ಲಿಂದನೇ, 1,748 ಮೀಟರ್, ಜಿಲ್ಲೆಲೇ ಎತ್ತರದ ಬೆಟ್ಟ, ಅದಕ್ಕೆ ಅರಣ್ಯ ಇಲಾಖೆ ಪರ್ಮಿಶನ್ ಬೇಕು, ಅರ್ಧ ದಿನಕ್ಕಿಂತ ಜಾಸ್ತಿ ಬೇಕು, ಒಬ್ಬರಿಗೆ ಹತ್ತೋ ಹುಚ್ಚು ಇನ್ನೊಬ್ಬರಿಗೆ ಮಂಡಿನೋವು ಇದ್ರೆ ಬೇಡವೇ ಬೇಡ. ಚೇಲಾವರ ಫಾಲ್ಸ್ ಚೆಯ್ಯಂಡಾಣೆ ಕಡೆ, ಹೊತ್ತಿದ್ರೆ ನೋಡಿ, ಕೆಳಗೆ ನೀರಿಗೆ ಮಾತ್ರ ಇಳೀಬೇಡಿ, ಮುಳುಗಿ ಸತ್ತವರಿದಾರೆ.

ಹೋಂಸ್ಟೇ ಬುಕ್ ಮಾಡೋವಾಗ ರೂಮ್ ಫೋಟೋಗಿಂತ ಮುಂಚೆ ಕೇಳ್ಬೇಕಾದ್ದು, ನಮ್ಮ ಕಾರು ಮನೆ ಬಾಗಿಲವರೆಗೂ ಬರುತ್ತಾ ಅನ್ನೋದು. ಕೆಲವು ಕಡೆ ಕೊನೆ ಎರಡು ಕಿಲೋಮೀಟರ್ ತೋಟದ ಕಚ್ಚಾ ರೋಡ್, ಸಣ್ಣ ಕಾರಿನ ಹೊಟ್ಟೆ ಕೆರೆಯುತ್ತೆ, ಅವರು ಜೀಪ್ ಕಳಿಸ್ತಾರಾ ಅಂತ ಮೊದಲೇ ಕೇಳಿ. ಊಟ ಸೇರಿದೆಯಾ ಅಂತಾನೂ, ಯಾಕಂದ್ರೆ ರಾತ್ರಿ ಹಸಿವಾದ್ರೆ ಆರ್ಡರ್ ಮಾಡೋಕೆ ಇಲ್ಲಿ ಯಾರೂ ತಂದ್ಕೊಡಲ್ಲ. ಹಂದಿ ತಿನ್ನೋರಾದ್ರೆ ಪಂದಿ ಕರಿ, ಕಡಂಬುಟ್ಟು (ಅಕ್ಕಿ ಕಡುಬು) ಹೇಳಿ, ಕಾಚಂಪುಳಿ ಹಾಕಿ ಮಾಡಿದಾರಾ ಅಂತ ಕೇಳಿ, ಆ ಕಪ್ಪು ಹುಳಿ ಇಲ್ಲದಿದ್ರೆ ಅದು ಬರೀ ಪೋರ್ಕ್ ಸಾರು. ತಿನ್ನದೋರು ಪಾಪ ಅಂತ ಅನ್ಕೋಬೇಕಾಗಿಲ್ಲ, ನೂಪುಟ್ಟು (ಅಕ್ಕಿ ಶಾವಿಗೆ), ಅಕ್ಕಿ ಒಟ್ಟಿ (ರೊಟ್ಟಿ), ಮಳೆಗಾಲ ಆದ್ರೆ ಕಣಿಲೆ (ಎಳೆ ಬಿದಿರು) ಪಲ್ಯ, ಅಣಬೆ, ಹೊಟ್ಟೆ ತುಂಬುತ್ತೆ.

ಕತ್ತಲಾದ ಮೇಲೆ ಗಾಡಿ ಓಡಿಸ್ಬೇಡಿ ಅಂತ ನಾವು ಹೇಳೋದು ಹೆದರಿಸೋಕಲ್ಲ. ಎರಡು ವರ್ಷದ ಹಿಂದೆ ನಾವಿಬ್ರೇ ಅಮ್ಮತ್ತಿ ಕಡೆ ಒಂದು ಮದುವೆ ಮುಗಿಸಿ ಬರ್ತಿದ್ವಿ, ಮೊಬೈಲ್ ಮ್ಯಾಪ್ ನೋಡಿ ಶಾರ್ಟ್‌ಕಟ್ ಅಂತ ಇವರು ತೋಟದ ರೋಡಿಗೆ ತಿರುಗಿಸಿದ್ರು, ಇಲ್ಲೇ ಹುಟ್ಟಿ ಬೆಳೆದೋರಿಗೆ ಮ್ಯಾಪ್ ಯಾಕೆ ಬೇಕಿತ್ತೋ, ತಿರುವಲ್ಲಿ ಲೈಟ್ ಬಿದ್ದಾಗ ರೋಡ್ ಅಡ್ಡಕ್ಕೆ ಗೋಡೆ ಇದ್ದಂಗಿತ್ತು, ಆಮೇಲೆ ಗೋಡೆ ಕಿವಿ ಆಡಿಸ್ತು. ಹಾರ್ನ್ ಹೊಡೀಲಿಲ್ಲ, ಕೆಳಗೆ ಇಳೀಲಿಲ್ಲ, ಮೆಲ್ಲಗೆ ರಿವರ್ಸ್ ತಗೊಂಡು ದೂರ ನಿಂತು ಮುಕ್ಕಾಲು ಗಂಟೆ ಕಾದ್ವಿ. ಸಿದ್ದಾಪುರ, ಅಮ್ಮತ್ತಿ, ತಿತಿಮತಿ ಕಡೆ ಆನೆಗಳು ಕಾಫಿ ತೋಟದಲ್ಲೇ ಇರ್ತವೆ, ಹಲಸು ಹಣ್ಣಾಗೋ ಕಾಲದಲ್ಲಿ ಇನ್ನೂ ಜಾಸ್ತಿ. ಸಂಜೆ ಆರಕ್ಕೆ ರೂಮ್ ಸೇರ್ಕೊಳ್ಳಿ, ನಮ್ಮ ಹಂಗೆ ಆಗ್ಬೇಡಿ.

ಯಾವಾಗ ಬರೋದು ಅಂತ ನೀವು ಕೇಳಿಲ್ಲ, ಆದ್ರೂ ಹೇಳ್ತೀನಿ. ಫೆಬ್ರವರಿ ಮಾರ್ಚಲ್ಲಿ ಹೂಮಳೆ ಬಿದ್ದು ಎಂಟು ಒಂಬತ್ತು ದಿನಕ್ಕೆ ಕಾಫಿ ಹೂ ಬಿಡುತ್ತೆ, ತೋಟ ಎಲ್ಲಾ ಬೆಳ್ಳಗೆ, ಮಲ್ಲಿಗೆ ಥರ ವಾಸನೆ, ಎರಡು ಮೂರು ದಿನ ಅಷ್ಟೇ. ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಾಕಿ ಅರಳಿಸ್ತಾರೆ, ಹೋಂಸ್ಟೇಯವರಿಗೆ ಯಾವಾಗ ನೀರು ಕೊಟ್ರಿ ಅಂತ ಫೋನ್ ಮಾಡಿ ಕೇಳಿ, ಖುಷಿಯಿಂದ ಹೇಳ್ತಾರೆ. ಜೂನ್‌ನಿಂದ ಆಗಸ್ಟ್ ಮಳೆ ನೋಡೋಕೆ ಚಂದ, ಆದ್ರೆ 2018ರಲ್ಲಿ ಗುಡ್ಡ ಕುಸಿದಿದ್ದು, 2020ರಲ್ಲಿ ತಲಕಾವೇರಿಲೇ ಬ್ರಹ್ಮಗಿರಿ ಜರಿದಿದ್ದು ನಾವು ಮರೆತಿಲ್ಲ. ಜೋರು ಮಳೆಲಿ ಭಾಗಮಂಡಲದ ರೋಡಿಗೆ ನೀರು ಬರುತ್ತೆ, ಜಿಲ್ಲಾಡಳಿತ ಕೆಲವು ಜಾಗ ಬಂದ್ ಮಾಡುತ್ತೆ, ಆಗ ಬರೋದಾದ್ರೆ ಪ್ಲ್ಯಾನ್‌ಗೆ ಅಂಟ್ಕೋಬೇಡಿ, ಜಿಗಣೆಗೆ ಉಪ್ಪು ಇಟ್ಕೊಳ್ಳಿ. ದಸರಾ, ತುಲಾ ಸಂಕ್ರಮಣ (ಅಕ್ಟೋಬರಲ್ಲಿ ಬರೋ ಕಾವೇರಿ ತೀರ್ಥೋದ್ಭವ), ಡಿಸೆಂಬರ್ ಕೊನೆ ವಾರ ರೂಮೂ ಸಿಗಲ್ಲ, ರೋಡೂ ಸಿಗಲ್ಲ.

ಇನ್ನೊಂದು ವಿಷಯ, ಇದು ಗಂಡ ಹೆಂಡ್ತಿ ವಿಷಯ. ಹೊರಡೋಕೆ ಮುಂಚೆ ಇಬ್ರೂ ಒಂದೊಂದು ಜಾಗ ಆರಿಸ್ಕೊಳ್ಳಿ, ಏನೇ ಆದ್ರೂ ಬಿಡಬಾರದು ಅನ್ನೋದು. ಎರಡೇ. ಮಿಕ್ಕಿದ್ದೆಲ್ಲಾ ಸಿಕ್ಕಿದ್ರೆ ಸಿಕ್ತು. ಘಾಟಿಲಿ ತಲೆ ತಿರುಗೋರು ಯಾರೋ ಅವರೇ ಮುಂದೆ ಕೂತ್ಕೊಳ್ಳಿ, ಮೊಬೈಲ್ ನೋಡ್ಬೇಡಿ, ಕಿತ್ತಳೆ ಸಿಪ್ಪೆ ಮೂಸ್ತಾ ಇರಿ.

ನಾಲ್ಕನೇ ದಿನ ಕಕ್ಕಬ್ಬೆಯಿಂದ ವಿರಾಜಪೇಟೆ, ಗೋಣಿಕೊಪ್ಪ, ತಿತಿಮತಿ, ಆನೆಚೌಕೂರು ಕಾಡು ದಾಟಿ ಹುಣಸೂರು. ಜೇನು, ಕರಿಮೆಣಸು, ಕಾಫಿಪುಡಿ ಏನಾದ್ರೂ ತಗೊಳ್ಳೋದಿದ್ರೆ ವಿರಾಜಪೇಟೆ ಅಥವಾ ಗೋಣಿಕೊಪ್ಪ ಪೇಟೆಲಿ ತಗೊಳ್ಳಿ, ಟೂರಿಸ್ಟ್ ಸ್ಪಾಟ್ ಬಾಗಿಲಲ್ಲಿ ಬೇಡ. ಮಧ್ಯಾಹ್ನ ಎರಡರ ಒಳಗೆ ಗೋಣಿಕೊಪ್ಪ ಬಿಟ್ರೆ ಕಾಡು ಬೆಳಕಲ್ಲೇ ದಾಟುತ್ತೆ. ಮಲ್ಲಳ್ಳಿ ಈ ಸಲ ಇಲ್ಲ, ಅದಕ್ಕೆ ಸಕಲೇಶಪುರ ಸೋಮವಾರಪೇಟೆ ಸೇರಿಸಿ ಬೇರೆ ಟ್ರಿಪ್ ಮಾಡಿ. ಇರ್ಪು, ನಾಗರಹೊಳೆ ಬೇಕೇ ಬೇಕು ಅಂದ್ರೆ ಇನ್ನೊಂದು ರಾತ್ರಿ ಸೇರಿಸಿ ಕುಟ್ಟದ ಕಡೆ ಉಳ್ಕೊಂಡು ನಾಗರಹೊಳೆ ಕಾಡಿನ ರೋಡಲ್ಲೇ ಹುಣಸೂರಿಗೆ ಹೋಗಬಹುದು, ಆದ್ರೆ ಆ ರೋಡ್ ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಬಂದ್. ಆರೂ ಐದಕ್ಕೆ ಬಂದು ಸಾರ್ ಸಾರ್ ಅಂತ ಎಷ್ಟು ಬೇಡ್ಕೊಂಡ್ರೂ ಗೇಟ್ ತೆಗೆಯಲ್ಲ, ತಿರುಗಿ ಗೋಣಿಕೊಪ್ಪಕ್ಕೇ ಬರಬೇಕು.