ಹೊಸ್ತಿಲಲ್ಲೇ ನಿಂತಿದ್ದ ಕಾನೂನು

‘ಮನಿ ಮಾತು ಹೊಸ್ತಿಲ ದಾಟಬಾರದವ್ವಾ.’ ಹೊಡೆತ ತಿಂದು ತವರಿಗೆ ಬಂದ ಮಗಳಿಗೆ ಹುಬ್ಬಳ್ಳಿ-ಧಾರವಾಡದ ಕಡೆ ಹಿರಿಯರು ಹೇಳುವ ಬುದ್ಧಿಮಾತು ಇದು. ಸೋಜಿಗ ಅಂದ್ರೆ, ಅಂತರರಾಷ್ಟ್ರೀಯ ಕಾನೂನು ಕೂಡ ಬಹಳ ವರ್ಷ ಹೆಚ್ಚುಕಡಿಮೆ ಹೀಗೇ ನಡೆದುಕೊಂಡಿತ್ತು.

ಮಾನವ ಹಕ್ಕು ಅಂದರೆ ಸರ್ಕಾರದ ದಬ್ಬಾಳಿಕೆಯಿಂದ ಪ್ರಜೆಗೆ ರಕ್ಷಣೆ ಅನ್ನುವುದು ಹಳೆಯ ಲೆಕ್ಕ. ಪೊಲೀಸರು ಲಾಕಪ್‌ನಲ್ಲಿ ಹೊಡೆದರೆ ಹಕ್ಕಿನ ಉಲ್ಲಂಘನೆ, ಗಂಡ ಅಡುಗೆಮನೆಯಲ್ಲಿ ಹೊಡೆದರೆ ಸಂಸಾರದ ಜಗಳ. ಮಹಿಳೆಯರ ಮೇಲಿನ ತಾರತಮ್ಯ ತೊಲಗಿಸಲೆಂದೇ 1979ರಲ್ಲಿ ವಿಶ್ವಸಂಸ್ಥೆ ಮಾಡಿದ ಒಪ್ಪಂದ ‘ಸೀಡಾ’. ಅದರಲ್ಲೂ ಮನೆಯೊಳಗಿನ ಹಿಂಸೆಯ ಬಗ್ಗೆ ನೇರವಾಗಿ ಒಂದು ಮಾತಿಲ್ಲ.

ಆ ಕೊರತೆ ತುಂಬಿದ್ದು 1992ರಲ್ಲಿ. ಒಪ್ಪಂದದ ಪಾಲನೆ ನೋಡುವ ಸಮಿತಿ ತನ್ನ 19ನೇ ಶಿಫಾರಸಿನಲ್ಲಿ, ಹಿಂಸೆಯೂ ತಾರತಮ್ಯವೇ ಎಂದಿತು. ಹೊಡೆದವನು ಖಾಸಗಿ ವ್ಯಕ್ತಿಯೇ ಇರಲಿ, ತಡೆಯಲು, ತನಿಖೆ ಮಾಡಲು, ಶಿಕ್ಷಿಸಲು ತಕ್ಕ ಕಾಳಜಿ ವಹಿಸದಿದ್ದರೆ ಸರ್ಕಾರವೂ ಹೊಣೆ ಎಂದಿತು. ಮರುವರ್ಷ ವಿಯೆನ್ನಾದ ಮಾನವ ಹಕ್ಕುಗಳ ಸಮ್ಮೇಳನ, ಮಹಿಳೆಯರ ಮೇಲಿನ ಹಿಂಸೆ ತೊಲಗಿಸುವ ವಿಶ್ವಸಂಸ್ಥೆಯ ಘೋಷಣೆ ಕೂಡ ಇದೇ ಮಾತೆತ್ತಿದವು. ಭಾರತವೂ 1993ರಲ್ಲೇ ಸೀಡಾ ಅನುಮೋದಿಸಿತು. ಆದರೆ ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ ಅವರ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲ ಎಂಬ ಹೇಳಿಕೆಯನ್ನೂ ಜೊತೆಗಿಟ್ಟಿತು. ಮತ್ತೆ ಅದೇ ಹೊಸ್ತಿಲು, ಅಲ್ವಾ?

ಆ ‘ತಕ್ಕ ಕಾಳಜಿ’ ಅಂದರೇನು ಎಂದು ತಿಳಿಯಲು ಟರ್ಕಿಯ ಒಪುಜ್ ಪ್ರಕರಣ ನೋಡಬೇಕು. ದಿಯಾರ್‌ಬಕಿರ್ ಊರಿನ ಹೆಣ್ಣುಮಗಳು ಒಪುಜ್ ಮತ್ತು ಅವಳ ತಾಯಿ, ಅವಳ ಗಂಡನ ಹಿಂಸೆಯ ವಿರುದ್ಧ ಮೇಲಿಂದ ಮೇಲೆ ದೂರು ಕೊಟ್ಟರು, ಬೆದರಿಕೆಗೆ ಹೆದರಿ ವಾಪಸ್ ತೆಗೆದುಕೊಂಡರು. 2001ರಲ್ಲಿ ಗಂಡ ಅವಳಿಗೆ ಏಳು ಸಲ ಚಾಕುವಿನಿಂದ ಇರಿದ. ಶಿಕ್ಷೆ? ದಂಡ, ಅದೂ ಎಂಟು ಕಂತಿನಲ್ಲಿ. ಮರುವರ್ಷ ಅತ್ತೆಯನ್ನು ಗುಂಡಿಟ್ಟು ಕೊಂದ. ದೂರು ವಾಪಸ್ ತೆಗೆದುಕೊಂಡಿದ್ದರು ಅನ್ನುವ ಸರ್ಕಾರದ ನೆಪವನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲಿ ತಳ್ಳಿಹಾಕಿತು. ಯಾಕೆ ವಾಪಸ್ ತೆಗೆದುಕೊಂಡಳು ಎಂದು ಕೇಳಬೇಕಿತ್ತು, ಅಪಾಯ ದೊಡ್ಡದಿದ್ದರೆ ಕೇಸು ಮುಂದುವರಿಸಬೇಕಿತ್ತು ಎಂಬುದು ತೀರ್ಪಿನ ತಿರುಳು. ಆ ತೀರ್ಪು ನಮ್ಮನ್ನು ಕಟ್ಟಿಹಾಕುವುದಿಲ್ಲ. ಆದರೆ ‘ಹೊಂದ್ಕೊಂಡ್ ಹೋಗ್ರಿ’ ಅಂತ ರಾಜಿ ಮಾಡಿಸಿ ಕಳಿಸುವ ನಮ್ಮೂರಿನ ರೂಢಿಗೆ ನೇರ ತಾಗುತ್ತದೆ.

ನಮ್ಮಲ್ಲಿ ಹೆಂಡತಿಯ ಮೇಲಿನ ಕ್ರೌರ್ಯವನ್ನು ಅಪರಾಧ ಎಂದ ದಂಡ ಸಂಹಿತೆಯ 498ಎ ಕಲಮು 1983ರಲ್ಲಿ ಬಂತು. ಅದು ಗಂಡನಿಗೆ ಜೈಲು ತೋರಿಸಿತು, ಹೆಂಡತಿಗೆ ಸೂರು ಕೊಡಲಿಲ್ಲ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಆ ಕಡೆ ನೋಡಿತು: ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ಇರುವ ಹಕ್ಕು ಅವಳಿಗುಂಟು. ಅರ್ಜಿ ಬರೆಯಲು ನೆರವಾಗಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ತಾಲ್ಲೂಕುಗಳಲ್ಲಿ ಆ ಹೊಣೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಓ ಮೇಲಿದೆ. ಅಂಗನವಾಡಿಯ ಮೊಟ್ಟೆಯ ಲೆಕ್ಕ ನೋಡುವವರೂ ಅವರೇ.