ಹೊಸ ಕೋಚ್ ಬಂದರೆ ನಾಲ್ಕು ವರ್ಷ ಕಾಯಲೇಬೇಕಾ?

ಪ್ರಶ್ನೆ: ಮಗಳು ಅಮೆರಿಕದಲ್ಲಿ ಓದುತ್ತಿರುವ ಯೂನಿವರ್ಸಿಟಿಯ ಅಮೆರಿಕನ್ ಫುಟ್‌ಬಾಲ್ (ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ) ತಂಡಕ್ಕೆ ಹೊಸ ಹೆಡ್ ಕೋಚ್ ಬಂದಿದ್ದಾರೆ. ಈ ಸೀಸನ್ ಏನಾದರೂ ನಿರೀಕ್ಷೆ ಇಟ್ಟುಕೊಳ್ಳಬಹುದಾ? ಮೊದಲ ವರ್ಷ ಲೆಕ್ಕಕ್ಕಿಲ್ಲ, ತಂಡದಲ್ಲಿ ಅವರದ್ದೇ ಹುಡುಗರು ತುಂಬಿಕೊಳ್ಳಲು ನಾಲ್ಕು ವರ್ಷ ಬೇಕು ಅಂತ ಎಲ್ಲರೂ ಹೇಳುತ್ತಾರೆ. ನಿಜಾನಾ?

ಡಿಸೆಂಬರ್ ಬಂತು ಅಂದರೆ ಈ ಪ್ರಶ್ನೆ ಶುರು. ಆಗಸ್ಟ್ ಕೊನೆಗೆ ಮೊದಲ ಮ್ಯಾಚ್ ಆಗುವವರೆಗೂ ನಿಲ್ಲುವುದಿಲ್ಲ. ಹಬ್ಬದ ಊಟಕ್ಕೆ ತಟ್ಟೆ ಹಿಡಿದು ನಿಂತಾಗ ಕೇಳಿದ್ದಾರೆ, ಏರ್‌ಪೋರ್ಟಿನಿಂದ ಕರೆತರುವಾಗ ಕಾರಿನಲ್ಲೂ ಕೇಳಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಹೇಳಿ ಸಾಕಾಗಿದೆ. ಹಾಗಾಗಿ ಈ ಸಲ ಪೂರ್ತಿ ಬರೆದೇ ಬಿಡುತ್ತೇನೆ.

ನಿರೀಕ್ಷೆ ಇಟ್ಟುಕೊಳ್ಳಿ. ಎಷ್ಟು ಇಟ್ಟುಕೊಳ್ಳಬೇಕು ಅನ್ನುವುದು ಕೋಚ್ ಜೊತೆ ಯಾರ್‍ಯಾರು ಬಂದರು ಅನ್ನುವುದರ ಮೇಲಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಆ ನಾಲ್ಕು ವರ್ಷದ ಮಾತನ್ನು ಮುಗಿಸೋಣ. ಅದು ಹೋಗದೆ ಬೇರೆ ಏನು ಹೇಳಿದರೂ ತಲೆಗೆ ಇಳಿಯುವುದಿಲ್ಲ.

ಆ ಮಾತು ಸುಮ್ನೆ ಹುಟ್ಟಿದ್ದಲ್ಲ. ಹಿಂದೆ ದೊಡ್ಡ ಕಾಲೇಜು ತಂಡಕ್ಕೆ 85 ಸ್ಕಾಲರ್‌ಶಿಪ್ ಮಾತ್ರ ಇತ್ತು. ವರ್ಷಕ್ಕೆ 25 ಹೊಸಬರಿಗಿಂತ ಜಾಸ್ತಿ ತೆಗೆದುಕೊಳ್ಳುವ ಹಾಗಿರಲಿಲ್ಲ. ಬೇರೆ ಕಾಲೇಜಿನಿಂದ ಹುಡುಗನನ್ನು ಕರೆತಂದರೆ ಅವನು ಒಂದು ವರ್ಷ ಆಡದೆ ಕೂರಬೇಕಿತ್ತು. ಹಾಗಾಗಿ ಹೊಸ ಕೋಚ್ ಕೈಗೆ ಸಿಗುತ್ತಿದ್ದದ್ದು ಹಿಂದಿನವರು ಆರಿಸಿಟ್ಟ ಹುಡುಗರು. ತನಗೆ ಬೇಕಾದವರನ್ನು ಹೈಸ್ಕೂಲಿನಿಂದ ತಂದು, ಅವರು ಮೈ ತುಂಬಿಕೊಂಡು, ಆಟ ಕಲಿತು, ಮೂರನೇ ನಾಲ್ಕನೇ ವರ್ಷಕ್ಕೆ ಗಟ್ಟಿಯಾಗುವವರೆಗೆ ಕಾಯಬೇಕು. ಇಪ್ಪತ್ತೈದನ್ನು ನಾಲ್ಕರಿಂದ ಗುಣಿಸಿ, ನಡುವೆ ಬಿಟ್ಟುಹೋಗುವವರನ್ನು ಕಳೆಯಿರಿ, ಹೆಚ್ಚುಕಮ್ಮಿ 85 ಬರುತ್ತೆ. ನಾಲ್ಕು ವರ್ಷದ ಲೆಕ್ಕ ಅಲ್ಲಿಂದ ಬಂದಿದ್ದು.

ಈಗ ಒಂದೊಂದಾಗಿ ನೋಡಿ. 2018ರ ಅಕ್ಟೋಬರ್‌ನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಬಂತು. ಕಾಲೇಜು ಬದಲಿಸಬೇಕು ಅನ್ನುವ ಹುಡುಗ ಅದರಲ್ಲಿ ಹೆಸರು ಹಾಕಿದರೆ ಬೇರೆ ಕೋಚ್‌ಗಳು ನೇರವಾಗಿ ಮಾತಾಡಬಹುದು. 2021ರಲ್ಲಿ ಒಂದು ಸಲ ಕಾಲೇಜು ಬದಲಿಸಿದರೆ ಕೂರಬೇಕಿಲ್ಲ ಅಂದರು. ಅದೇ ವರ್ಷ ಜುಲೈನಿಂದ ಆಟಗಾರರು ತಮ್ಮ ಹೆಸರು ಮುಖದ ಮೇಲೆ ದುಡ್ಡು ಮಾಡಿಕೊಳ್ಳಲು ಅನುಮತಿ ಸಿಕ್ಕಿತು. ವರ್ಷಕ್ಕೆ 25 ಅನ್ನುವ ಮಿತಿಯನ್ನು 2022ರಲ್ಲಿ ಸಡಿಲಿಸಿ, ಆಮೇಲೆ ತೆಗೆದೇ ಹಾಕಿದರು. 2024ರಿಂದ ಓದು ಸರಿಯಾಗಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. 2025ರಲ್ಲಿ ಕೋರ್ಟಿನ ಒಪ್ಪಂದ ಆಗಿ ದೊಡ್ಡ ಕಾಲೇಜುಗಳಲ್ಲಿ 85 ಸ್ಕಾಲರ್‌ಶಿಪ್ ಮಿತಿಯ ಜಾಗಕ್ಕೆ 105 ಆಟಗಾರರ ಮಿತಿ ಬಂತು, ಕಾಲೇಜೇ ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು ಅಂತಲೂ ಆಯಿತು. ನಾಲ್ಕು ವರ್ಷದ ಮಾತು ನಿಂತಿದ್ದ ಕಂಬಗಳೇ ಹೋದವು. ಆದರೂ ಅಜ್ಜ ನೆಟ್ಟ ಆಲದ ಮರ ಅಂತ ಅದಕ್ಕೇ ಜೋತು ಬೀಳುತ್ತೇವೆ.

ಇನ್ನೊಂದು ವಿಷಯ. ಹಳೆ ನಿಯಮ ಇದ್ದಾಗಲೂ ಆ ಮಾತು ಅಷ್ಟೇನೂ ನಿಜವಾಗಿರಲಿಲ್ಲ! 2001ರಲ್ಲಿ ಮಯಾಮಿಯ ಲ್ಯಾರಿ ಕೋಕರ್ ಹೆಡ್ ಕೋಚ್ ಆದ ಮೊದಲ ವರ್ಷವೇ 12-0 (ಸೀಸನ್ ಲೆಕ್ಕದಲ್ಲಿ ಮೊದಲ ಅಂಕಿ ಗೆಲುವು, ಎರಡನೆಯದು ಸೋಲು) ಆಗಿ ರಾಷ್ಟ್ರೀಯ ಚಾಂಪಿಯನ್ ಆದರು. ಹುಡುಗರೆಲ್ಲ ಹಿಂದಿನ ಕೋಚ್ ತಂದವರೇ. ಓಕ್ಲಹೋಮಾದಲ್ಲಿ ಬಾಬ್ ಸ್ಟೂಪ್ಸ್ ಮತ್ತು ಒಹಾಯೋ ಸ್ಟೇಟ್‌ನಲ್ಲಿ ಜಿಮ್ ಟ್ರೆಸೆಲ್, ಇಬ್ಬರೂ ಎರಡನೇ ವರ್ಷಕ್ಕೇ ಚಾಂಪಿಯನ್. 2011ರಲ್ಲಿ 6-7 ಆಗಿದ್ದ ಒಹಾಯೋ ಸ್ಟೇಟ್ 2012ರಲ್ಲಿ ಅರ್ಬನ್ ಮೈಯರ್ ಬಂದ ಕೂಡಲೇ 12-0. 2012ರಲ್ಲಿ 3-9 ಆಗಿ ಮಾನ ಕಳೆದುಕೊಂಡಿದ್ದ ಆಬರ್ನ್, ಗಸ್ ಮಾಲ್ಜಾನ್ ಬಂದ 2013ರಲ್ಲಿ 12-2 ಆಗಿ ಫೈನಲ್‌ನಲ್ಲಿ ಮೂರೇ ಪಾಯಿಂಟಿನಿಂದ ಸೋತಿತು. ಇಷ್ಟು ಉದಾಹರಣೆ ಇದ್ದ ಮೇಲೂ "ಮೊದಲ ವರ್ಷ ಲೆಕ್ಕಕ್ಕಿಲ್ಲ" ಅಂದರೆ ಏನು ಹೇಳಲಿ?

ಇದಕ್ಕೆ ಥಟ್ಟನೆ ಬರುವ ಉತ್ತರ ನನಗೆ ಗೊತ್ತು. "ನಿಕ್ ಸೇಬನ್ ಅಂಥ ದೊಡ್ಡ ಕೋಚೇ ಅಲಬಾಮಾದಲ್ಲಿ ಮೊದಲ ವರ್ಷ 7-6 ಅಲ್ವಾ, ಲೂಯಿಸಿಯಾನಾ-ಮನ್ರೋ ಅನ್ನುವ ಸಣ್ಣ ತಂಡದ ಕೈಲಿ ಸೋತರಲ್ವಾ?" ಹೌದು, 2007ರಲ್ಲಿ ಆ ಮ್ಯಾಚ್ 21-14ಕ್ಕೆ ಸೋತರು. ಆದರೆ ಮರುವರ್ಷ 12-2, ಅದರ ಮರುವರ್ಷ ಚಾಂಪಿಯನ್. ಕಾಯುವುದಕ್ಕೆ ಎಲ್ಲರೂ ಎತ್ತಿ ಹೇಳುವ ಉದಾಹರಣೆಯಲ್ಲೇ ನಾಲ್ಕು ವರ್ಷ ಹಿಡಿಯಲಿಲ್ಲ.

ಈಗ ಇಂಡಿಯಾನಾಗೆ ಬರೋಣ. ಇದನ್ನು ಹೇಳುವಾಗ ನನಗೆ ಇನ್ನೂ ಮೈ ಜುಮ್ ಅನ್ನುತ್ತೆ.

ಇಂಡಿಯಾನಾ ಯೂನಿವರ್ಸಿಟಿ ಇರುವ ಬ್ಲೂಮಿಂಗ್ಟನ್ ಬಾಸ್ಕೆಟ್‌ಬಾಲ್ ಊರು. ಅಲ್ಲಿ ಫುಟ್‌ಬಾಲ್ ಶನಿವಾರ ಅಂದರೆ ಪಾರ್ಕಿಂಗ್ ಜಾಗದಲ್ಲಿ ಗ್ರಿಲ್ ಹಚ್ಚಿ ತಿನ್ನುವುದು ಕುಡಿಯುವುದೇ ಮುಖ್ಯ. ಎಷ್ಟೋ ಜನ ಅರ್ಧ ಆಟಕ್ಕೆ ಎದ್ದು ಹೋಗುತ್ತಿದ್ದರು. ಹೋಗದೆ ಏನು ಮಾಡುತ್ತಾರೆ? 2021ರಲ್ಲಿ 2-10, 2022ರಲ್ಲಿ 4-8, 2023ರಲ್ಲಿ 3-9. ಶತಮಾನ ದಾಟಿದ ತಂಡದ ಚರಿತ್ರೆಯಲ್ಲಿ ಒಂದೇ ಒಂದು ಸೀಸನ್‌ನಲ್ಲೂ ಹತ್ತು ಮ್ಯಾಚ್ ಗೆದ್ದಿರಲಿಲ್ಲ. 2023ರ ನವೆಂಬರ್ ಕೊನೆಗೆ ಕರ್ಟ್ ಸಿಗ್ನೆಟಿ ಕೋಚ್ ಆದಾಗ ಅವರಿಗೆ ಅರವತ್ತು ದಾಟಿತ್ತು. ಸೇಬನ್ ಅಲಬಾಮಾಗೆ ಬಂದ ಹೊಸತರಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರು. ಆಮೇಲೆ ಅಷ್ಟು ದೊಡ್ಡ ಕೆಲಸ ಬಿಟ್ಟು, ಕೆಳಗಿನ ಹಂತವಾದ ಡಿವಿಷನ್ ಟೂನ ಸಣ್ಣ ಕಾಲೇಜಿಗೆ ಹೆಡ್ ಕೋಚ್ ಆಗಿ ಹೋಗಿ, ಅಲ್ಲಿಂದ ಈಲಾನ್, ಅಲ್ಲಿಂದ ಜೇಮ್ಸ್ ಮ್ಯಾಡಿಸನ್ ಅಂತ ಒಂದೊಂದೇ ಮೆಟ್ಟಿಲು ಹತ್ತಿ ಬಂದವರು. ಜೇಮ್ಸ್ ಮ್ಯಾಡಿಸನ್‌ನಲ್ಲಿ ಐದು ವರ್ಷಕ್ಕೆ 52 ಗೆಲುವು, 9 ಸೋಲು. "ನಾನು ಗೆಲ್ಲುತ್ತೇನೆ, ಗೂಗಲ್ ಮಾಡಿ ನೋಡಿ" ಅಂತ ಪತ್ರಕರ್ತರಿಗೆ ಹೇಳಿದಾಗ ಎಷ್ಟೋ ಜನ ನಕ್ಕರು. 2024ರ ಸೀಸನ್‌ಗೆ ಮುಂಚೆ ಇಂಡಿಯಾನಾ ಆಡುವ ಬಿಗ್ ಟೆನ್ ಲೀಗ್‌ನ ವರದಿಗಾರರ ಮತದಾನದಲ್ಲಿ ಇಂಡಿಯಾನಾಗೆ ಸಿಕ್ಕಿದ್ದು 18ರಲ್ಲಿ 17ನೇ ಸ್ಥಾನ.

ಆ ವರ್ಷ ತಂಡ 11-2. ನೆಬ್ರಾಸ್ಕಾ ಮೇಲೆ 56-7, ಪರ್ಡ್ಯೂ ಮೇಲೆ 66-0. ಸೋತಿದ್ದು ಒಹಾಯೋ ಸ್ಟೇಟ್‌ಗೆ, ಆಮೇಲೆ ಪ್ಲೇಆಫ್‌ನಲ್ಲಿ ನಾಟರ್ ಡೇಮ್‌ಗೆ. ಮರುವರ್ಷ 16-0, ರಾಷ್ಟ್ರೀಯ ಚಾಂಪಿಯನ್! 2026ರ ಜನವರಿ 19ರಂದು ಮಯಾಮಿಯನ್ನು 27-21ಕ್ಕೆ ಸೋಲಿಸಿದರು. ಒಟ್ಟು ಎರಡು ಸೀಸನ್.

ಅದು ಮಂತ್ರವಲ್ಲ, ಮ್ಯಾಜಿಕ್ಕೂ ಅಲ್ಲ. ಸಿಗ್ನೆಟಿ ಜೇಮ್ಸ್ ಮ್ಯಾಡಿಸನ್‌ನಿಂದ 13 ಹುಡುಗರನ್ನು ಕರೆತಂದರು. ಅಟ್ಯಾಕ್ ನೋಡಿಕೊಳ್ಳುವ ಮೈಕ್ ಶಾನಹನ್, ಡಿಫೆನ್ಸ್ ನೋಡಿಕೊಳ್ಳುವ ಬ್ರಯಂಟ್ ಹೇನ್ಸ್ ಇಬ್ಬರೂ ಅಲ್ಲಿಂದಲೇ ಬಂದರು. ಹೊಸ ತಂಡ ಅಂತ ನಾವು ಅಂದುಕೊಂಡೆವು, ಆದರೆ ಅದರ ಬೆನ್ನೆಲುಬಿಗೆ ಕೋಚ್‌ನ ಪಾಠ ಮೊದಲೇ ಬಾಯಿಪಾಠ ಆಗಿತ್ತು. ಅಭ್ಯಾಸದಲ್ಲಿ ಪಕ್ಕದವನು ತಪ್ಪು ಜಾಗಕ್ಕೆ ಹೋದರೆ, ಕೋಚ್ ಬಾಯಿ ತೆರೆಯುವ ಮುಂಚೆ ತಿದ್ದಲು ಪ್ರತಿ ಸಾಲಿನಲ್ಲೂ ಒಬ್ಬ ಇದ್ದ. ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಒಹಾಯೋ ಯೂನಿವರ್ಸಿಟಿಯಿಂದ ಕರ್ಟಿಸ್ ರೂರ್ಕ್ ಬಂದ, ವರ್ಷಗಟ್ಟಲೆ ಆಡಿ ಪಳಗಿದವನು. ಎರಡನೇ ವರ್ಷ ಕ್ಯಾಲಿಫೋರ್ನಿಯಾದಿಂದ ಬಂದ ಫರ್ನಾಂಡೋ ಮೆಂಡೋಝಾ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನೇ ಗೆದ್ದ.

ಒಬ್ಬನನ್ನು ಹತ್ತಿರದಿಂದ ನೋಡಿ. ಡಿಫೆನ್ಸ್‌ನಲ್ಲಿ ಆಡುವ ಡಿಆಂಜೆಲೊ ಪಾಂಡ್ಸ್, ಎತ್ತರ 5 ಅಡಿ 9 ಇಂಚು. ಈ ಆಟದಲ್ಲಿ ಅದು ಗಿಡ್ಡ. ಜೇಮ್ಸ್ ಮ್ಯಾಡಿಸನ್‌ನಿಂದ ಬಂದವರಲ್ಲಿ ಇವನೂ ಒಬ್ಬ. 2026ರ ಜನವರಿಯ ಸೆಮಿಫೈನಲ್, ಎದುರಿಗೆ ಆರೆಗನ್. ಮೊದಲ ಕಿಕ್ ಆಯಿತು, ಆರೆಗನ್ ತನ್ನ ಮೊಟ್ಟಮೊದಲ ಯತ್ನಕ್ಕೆ ಸಾಲುಗಟ್ಟಿತು, ಕ್ವಾರ್ಟರ್‌ಬ್ಯಾಕ್ ಪಕ್ಕಕ್ಕೆ ಬೇಗ ಎಸೆಯುವ ಒಂದು ಪಾಸ್ ಬಿಟ್ಟ. ಆ ಚೆಂಡು ಎಲ್ಲಿಗೆ ಬರುತ್ತೆ ಅಂತ ಪಾಂಡ್ಸ್‌ಗೆ ಗೊತ್ತಿತ್ತು. ಚೆಂಡು ಹಿಡಿಯಬೇಕಿದ್ದ ಆರೆಗನ್ ರಿಸೀವರ್ ತಿರುಗುವಷ್ಟರಲ್ಲಿ ಅವನ ಮುಂದೆ ನುಗ್ಗಿ ಹಿಡಿದು 25 ಗಜ ಓಡಿ ಟಚ್‌ಡೌನ್, ಅಂದರೆ ಆರು ಪಾಯಿಂಟ್. ಜನ ಇನ್ನೂ ಸೀಟಿನಲ್ಲಿ ಸರಿಯಾಗಿ ಕೂತಿರಲಿಲ್ಲ. ಆಟ 56-22ಕ್ಕೆ ಮುಗಿಯಿತು. ಅದು ಅದೇ ಕೋಚ್‌ಗಳ ಕೆಳಗೆ ಅವನ ಮೂರನೇ ವರ್ಷ. ಕಾಲೇಜು ಬದಲಾಗಿತ್ತು, ಪಾಠ ಬದಲಾಗಿರಲಿಲ್ಲ.

ವೇಳಾಪಟ್ಟಿಯೂ ಕೈ ಹಿಡಿಯಿತು, ಅದನ್ನು ಮುಚ್ಚಿಡಬಾರದು. ಹಿಂದೆ ಇಂಡಿಯಾನಾ ಇದ್ದ ಗುಂಪಿನಲ್ಲಿ ಒಹಾಯೋ ಸ್ಟೇಟ್, ಮಿಶಿಗನ್, ಪೆನ್ ಸ್ಟೇಟ್ ಮೂರನ್ನೂ ಪ್ರತಿ ವರ್ಷ ಎದುರಿಸಬೇಕಿತ್ತು. 2024ರಲ್ಲಿ ಬಿಗ್ ಟೆನ್ 18 ತಂಡ ಆಗಿ ಆ ಗುಂಪುಗಳು ಹೋದವು. ಮೊದಲ ವರ್ಷ ಪೆನ್ ಸ್ಟೇಟ್ ಸಿಗಲಿಲ್ಲ, ಆರೆಗನ್ ಸಿಗಲಿಲ್ಲ. ಎರಡನೇ ವರ್ಷ ಎರಡೂ ಸಿಕ್ಕವು, ಎರಡನ್ನೂ ಅವರ ಊರಲ್ಲೇ ಸೋಲಿಸಿದರು ಅನ್ನುವುದು ಬೇರೆ ಮಾತು.

ಹಾಗಂತ ಈಗ ಇನ್ನೊಂದು ಮೂಢನಂಬಿಕೆಗೆ ಬೀಳಬೇಡಿ. ಹುಡುಗರನ್ನೆಲ್ಲ ಬದಲಿಸಿದರೆ ಸಾಕು, ತಂಡ ಗೆಲ್ಲುತ್ತೆ ಅಂತ. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅನ್ನುವ ವೃತ್ತಿಪರ ತಂಡಕ್ಕೆ ಹೆಡ್ ಕೋಚ್ ಆಗಿ ಆರು ಸೂಪರ್ ಬೌಲ್ (ವೃತ್ತಿಪರ ಲೀಗ್‌ನ ಫೈನಲ್) ಗೆದ್ದ ಬಿಲ್ ಬೆಲಿಚೆಕ್ 2025ರಲ್ಲಿ ನಾರ್ತ್ ಕೆರೊಲಿನಾಗೆ ಬಂದರು. ತಂಡದ ಬಹುಪಾಲು ಹೊಸ ಮುಖ. ಮೊದಲ ಮ್ಯಾಚ್ ಮನೆಯಂಗಳದಲ್ಲೇ 48-14 ಸೋಲು, ಸೀಸನ್ 4-8. ಕೊಲರಾಡೋದಲ್ಲಿ ಡಿಯಾನ್ ಸ್ಯಾಂಡರ್ಸ್ 2023ರಲ್ಲಿ ಹೆಚ್ಚುಕಮ್ಮಿ ಇಡೀ ತಂಡವನ್ನೇ ಬದಲಿಸಿದರು. ಮೂರಕ್ಕೆ ಮೂರು ಗೆದ್ದು ದೇಶವೆಲ್ಲ ಮಾತಾಡುವ ಹಾಗೆ ಮಾಡಿದರು, ಕೊನೆಗೆ 4-8. ಯಾಕೆ? ಕ್ವಾರ್ಟರ್‌ಬ್ಯಾಕ್ ಆಗಿದ್ದ ಅವರ ಮಗ ಶೆಡೂರ್‌ನನ್ನು ಎದುರಾಳಿಗಳು ಆ ಸೀಸನ್‌ನಲ್ಲಿ 52 ಸಲ ಕೆಡವಿದರು. ಅವನ ಮುಂದೆ ನಿಂತು ಕಾಯುವ ಐದು ಜನ ಗಟ್ಟಿ ಇರಲಿಲ್ಲ. ಅವರನ್ನು ಅಲ್ಲೊಬ್ಬ ಇಲ್ಲೊಬ್ಬ ಅಂತ ತಂದು ಜೋಡಿಸಿದರೆ ಆಗುವುದಿಲ್ಲ. ಒಬ್ಬರ ಹೆಗಲು ಒಬ್ಬರಿಗೆ ಗೊತ್ತಿರಬೇಕು, ಎದುರಾಳಿ ಜಾಗ ಬದಲಿಸಿದರೆ ಯಾರು ಯಾರನ್ನು ತಡೆಯಬೇಕು ಅಂತ ಕಣ್ಣಲ್ಲೇ ಮಾತಾಗಬೇಕು. ಅದಕ್ಕೆ ಸಮಯ ಬೇಕು.

ಆದ್ದರಿಂದ ಮಗಳ ಕಾಲೇಜಿನ ವಿಷಯಕ್ಕೆ ಹೀಗೆ ಮಾಡಿ. ಕ್ವಾರ್ಟರ್‌ಬ್ಯಾಕ್ ಯಾರು, ಹಿಂದೆ ಎಷ್ಟು ಮ್ಯಾಚ್‌ನಲ್ಲಿ ಶುರುವಿನಿಂದಲೇ ಆಡಿದ್ದಾನೆ ನೋಡಿ. ಅವನ ಮುಂದಿನ ಐವರಲ್ಲಿ ಎಷ್ಟು ಜನ ಕಳೆದ ವರ್ಷ ಒಟ್ಟಿಗೆ ಆಡಿದವರು ನೋಡಿ. ಕೋಚ್ ಜೊತೆ ಅವರ ಹಳೆ ಸಹಾಯಕರು ಬಂದರಾ, ಅವರ ಹಳೆ ಆಟಗಾರರು ಬಂದರಾ ನೋಡಿ, ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕಳೆದ ವರ್ಷದ ಸೋಲುಗಳನ್ನೂ ಬಿಡಿಸಿ ನೋಡಿ. 2021ರ ನೆಬ್ರಾಸ್ಕಾ 3-9 ಅಂತ ಕಾಣುತ್ತೆ, ಆದರೆ ಆ ಒಂಬತ್ತು ಸೋಲಿನಲ್ಲಿ ಒಂದೂ ಹತ್ತು ಪಾಯಿಂಟ್ ಮುಟ್ಟಲಿಲ್ಲ. ಅಂಥ 3-9 ಬೇರೆ, ಪ್ರತಿ ವಾರ ಮೂವತ್ತು ಪಾಯಿಂಟ್ ಹೊಡೆಸಿಕೊಂಡ 3-9 ಬೇರೆ. ಈ ನಾಲ್ಕನ್ನೂ ನೋಡಿದ ಮೇಲೆ ವೇಳಾಪಟ್ಟಿ ತೆರೆಯಿರಿ. ಅರ್ಧ ಗಂಟೆ ಕೆಲಸ. ಟಿವಿಯಲ್ಲಿ ಮಾತಾಡುವವರಿಗಿಂತ ಜಾಸ್ತಿ ನಿಮಗೇ ಗೊತ್ತಾಗುತ್ತೆ.

ಇಷ್ಟಕ್ಕೆ ಮುಗಿಸಬಹುದಿತ್ತು. ಆದರೆ ಇಂಡಿಯಾನಾ ಕಥೆ ಹೇಳಿದಾಗಲೆಲ್ಲ ನನ್ನ ತಲೆಯಲ್ಲಿ ಇನ್ನೊಂದು ಪ್ರಶ್ನೆ ಏಳುತ್ತೆ. ಅದನ್ನು ಯಾರೂ ಕೇಳಿಲ್ಲ. ಕೋಚ್, ಇಬ್ಬರು ಮುಖ್ಯ ಸಹಾಯಕರು, 13 ಹುಡುಗರು ಒಂದೇ ಚಳಿಗಾಲದಲ್ಲಿ ಎದ್ದು ಹೋದ ಮೇಲೆ ಜೇಮ್ಸ್ ಮ್ಯಾಡಿಸನ್ ಏನಾಯಿತು?

ಅದು ವರ್ಜೀನಿಯಾದ ಹ್ಯಾರಿಸನ್‌ಬರ್ಗ್‌ನಲ್ಲಿರುವ ಕಾಲೇಜು. ದೊಡ್ಡ ಟಿವಿ ದುಡ್ಡು ಅಲ್ಲಿಗೆ ಬರುವುದಿಲ್ಲ. ಆಟದ ಖರ್ಚಿನ ದೊಡ್ಡ ಪಾಲು ವಿದ್ಯಾರ್ಥಿಗಳು ಕಟ್ಟುವ ಫೀಸಿನಿಂದಲೇ ಬರುತ್ತೆ. ಅಂದರೆ ಅಲ್ಲಿ ಓದುವ ಮಕ್ಕಳ ಅಪ್ಪ ಅಮ್ಮ ಕಟ್ಟಿದ ದುಡ್ಡಿನಲ್ಲಿ ತಯಾರಾದ ತಂಡ ಅದು. ಅಲ್ಲಿಗೆ ಹೋಲಿ ಕ್ರಾಸ್‌ನಿಂದ ಬಾಬ್ ಚೆಸ್ನಿ ಬಂದರು. ಮೊದಲ ವರ್ಷವೇ, 2024ರಲ್ಲಿ, ನಾರ್ತ್ ಕೆರೊಲಿನಾವನ್ನು ಅವರ ಮೈದಾನದಲ್ಲೇ 70-50ಕ್ಕೆ ಸೋಲಿಸಿದರು. ಸೀಸನ್ 9-4. ಎರಡನೇ ವರ್ಷ ತಮ್ಮ ಲೀಗ್ ಆದ ಸನ್ ಬೆಲ್ಟ್‌ನ ಚಾಂಪಿಯನ್ ಆಗಿ ಪ್ಲೇಆಫ್‌ಗೇ ಹೋದರು. ಅಲ್ಲಿ ಆರೆಗನ್ ಕೈಲಿ 51-34 ಸೋತರು, ಕೊನೆಯವರೆಗೂ ಬಿಡದೆ ಆಡಿದರು.

ನಾಲ್ಕು ವರ್ಷ ಬೇಕು ಅನ್ನುವವರು ಇದಕ್ಕೆ ಏನು ಹೇಳುತ್ತಾರೋ.

ಈಗ ಚೆಸ್ನಿಯೂ ಲಾಸ್ ಏಂಜಲೀಸ್‌ನ ಯುಸಿಎಲ್ಎ ಯೂನಿವರ್ಸಿಟಿಗೆ ಹೋದರು. ಫ್ಲೋರಿಡಾದಲ್ಲಿ ಕೆಲಸ ಕಳೆದುಕೊಂಡ ಬಿಲ್ಲಿ ನೇಪಿಯರ್ ಹ್ಯಾರಿಸನ್‌ಬರ್ಗ್‌ಗೆ ಬಂದಿದ್ದಾರೆ. ಅಲ್ಲಿಯ ಜನ 2026ರ ಸೀಸನ್ ಹೇಗಿರುತ್ತೆ ಅಂತ ಕೇಳಿದರೆ ನಾನು ಹೇಳುವುದು ಇದೇ. ಯಾರು ಹೋದರು ಅಂತ ಎಣಿಸುತ್ತಾ ಕೂರಬೇಡಿ. ಉಳಿದವರ ಪಟ್ಟಿ ತೆಗೆಯಿರಿ, ಕ್ವಾರ್ಟರ್‌ಬ್ಯಾಕ್ ಮುಂದಿನ ಆ ಐದು ಹೆಸರಿನಿಂದ ಓದಲು ಶುರುಮಾಡಿ.