ಅಸ್ತಿವಾರದ ಕಲ್ಲಿನ ವರ್ಷವೇ ಸಭೆಯ ವರ್ಷವೇ?

ಪ್ರಶ್ನೆ: ನಮ್ಮದು ಬಾಸೆಲ್ ಮಿಷನ್ (ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಮಿಷನರಿ ಸಂಸ್ಥೆ) ಕಾಲದ ಸಣ್ಣ ಊರಿನ ಕ್ರೈಸ್ತ ಸಭೆ. ದೇವಾಲಯದ ಕಲ್ಲಿನಲ್ಲಿ ಒಂದು ವರ್ಷ ಇದೆ, ಹಿರಿಯರು ಸಭೆ ಅದಕ್ಕಿಂತ ಹಳೆಯದು ಅನ್ನುತ್ತಾರೆ. ವಾರ್ಷಿಕೋತ್ಸವಕ್ಕೆ ಯಾವುದನ್ನು ಹಿಡಿಯಬೇಕು?

ಕಲ್ಲು ಹೇಳುವುದು ಕಟ್ಟಡದ ವಯಸ್ಸನ್ನು. ಹಿರಿಯರ ಮಾತೇ ನಿಜವಾಗಿರುವ ಸಾಧ್ಯತೆ ಹೆಚ್ಚು. ಸಣ್ಣ ಊರುಗಳಿಗೆ ಸಾಮಾನ್ಯವಾಗಿ ಮೊದಲು ಬರುತ್ತಿದ್ದದ್ದು ಉಪದೇಶಿ, ಅಂದರೆ ಧರ್ಮಬೋಧನೆ ಮಾಡುವ ಮಿಷನ್ ಕೆಲಸಗಾರ, ಆಮೇಲೆ ಶಾಲೆ. ಎಷ್ಟೋ ಕಡೆ ಆರಾಧನೆಯೂ ಶಾಲೆಯ ಕೋಣೆಯಲ್ಲೇ. ಕೆಲವು ಕುಟುಂಬಗಳು ನೆಲೆ ನಿಂತ ಮೇಲೆಯೇ ದೇವಾಲಯ.

ನಮ್ಮ ಸಲಹೆ: ಊರಿನವರೊಬ್ಬರ ಮೊದಲ ದೀಕ್ಷಾಸ್ನಾನದ (ಬ್ಯಾಪ್ಟಿಸಂ) ದಿನವನ್ನು ಹಿಡಿಯಿರಿ. ಮಿಷನರಿ ಬಂದುಹೋದ ದಿನ ಸಭೆಯ ಆರಂಭವಲ್ಲ.

ಅದನ್ನು ಹುಡುಕಲು ದೀಕ್ಷಾಸ್ನಾನದ ರಿಜಿಸ್ಟರ್ ತೆಗೆಯಿರಿ. ಮೊದಲ ಪುಟದ ಕ್ರಮಸಂಖ್ಯೆ 1 ಅಲ್ಲದಿದ್ದರೆ ಅದಕ್ಕೂ ಹಿಂದಿನ ಪುಸ್ತಕ ಇತ್ತೆಂದು ಅರ್ಥ. 1 ಇದ್ದರೂ ನಂಬಿ ಕೂರಬೇಡಿ: ಸ್ವಂತ ರಿಜಿಸ್ಟರ್ ಬರುವ ಮುಂಚಿನ ದೀಕ್ಷಾಸ್ನಾನಗಳು ತಾಯಿ ಠಾಣೆಯ, ಅಂದರೆ ನಿಮ್ಮ ಊರನ್ನು ನೋಡಿಕೊಳ್ಳುತ್ತಿದ್ದ ಮಿಷನ್ ಕೇಂದ್ರದ, ಪುಸ್ತಕದಲ್ಲಿರುತ್ತವೆ. ಮಿಷನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಸುತ್ತಲಿನ ಊರಿನ ಸಭೆಯಾದರೆ ಇಂಥ ಠಾಣೆಯ ಪುಸ್ತಕವನ್ನೂ ನೋಡಲೇಬೇಕು. ಮೊದಲ ಪುಟಗಳಲ್ಲಿ ಎಲ್ಲವೂ ಶಿಶುಗಳ ಹೆಸರೇ ಇದ್ದರೆ ಅವರ ತಂದೆತಾಯಿ ಬೇರೆಲ್ಲೋ ದೀಕ್ಷೆ ಪಡೆದಿದ್ದಾರೆ. ಆ ಜಾಡು ಹಿಡಿಯಿರಿ.

ಹೆಚ್ಚು ಎಡವುವುದು ಅಂಕಿಗಳಲ್ಲಿ. ಕೈಬರಹದ ಕನ್ನಡ ೬ ಮತ್ತು ೯ ಒಂದನ್ನೊಂದು ಹೋಲುತ್ತವೆ, 1866 ಸುಲಭವಾಗಿ 1869 ಆಗಿಬಿಡುತ್ತದೆ. ಮೇಲಿನ ಮತ್ತು ಕೆಳಗಿನ ದಾಖಲೆಗಳ ವರ್ಷ ನೋಡಿ ತೀರ್ಮಾನಿಸಿ. ಶತಮಾನೋತ್ಸವದ ಸ್ಮರಣ ಸಂಚಿಕೆಯಿಂದ ವರ್ಷ ಎತ್ತಿಕೊಳ್ಳುವುದು ಇನ್ನೂ ಅಪಾಯ. ಒಂದು ಸಂಚಿಕೆಯ ತಪ್ಪು ಮುಂದಿನ ಸಂಚಿಕೆಗೂ ದಾಟುತ್ತದೆ.

ರಿಜಿಸ್ಟರನ್ನು ಗೆದ್ದಲು ತಿಂದಿದ್ದರೆ ಮಿಷನ್‌ನ ವಾರ್ಷಿಕ ವರದಿಗಳಿವೆ. ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹ, ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿರುವ ಮಿಷನ್ 21 (ಬಾಸೆಲ್ ಮಿಷನ್ನಿನ ಇಂದಿನ ಉತ್ತರಾಧಿಕಾರಿ) ಸಂಸ್ಥೆಯ ದಾಖಲಾಗಾರ, ಈ ಮೂರಕ್ಕೆ ಬರೆದು ಕೇಳಿ. ಊರಿನ ಹೆಸರನ್ನು ಹಳೆಯ ಇಂಗ್ಲಿಷ್ ಕಾಗುಣಿತದಲ್ಲೂ ಹುಡುಕಿಸಿ. ಮಡಿಕೇರಿ ಅಲ್ಲಿ ಮರ್ಕಾರಾ (Mercara). ಬಾಸೆಲ್‌ನ ಕೈಬರಹದ ಪತ್ರಗಳು ಬಹುಪಾಲು ಹಳೆಯ ಜರ್ಮನ್ ಲಿಪಿಯಲ್ಲಿವೆ, ಇಂದಿನ ಜರ್ಮನ್ ಬಲ್ಲವರಿಗೂ ಅಭ್ಯಾಸವಿಲ್ಲದೆ ಓದಲು ಬಾರದು. ಮುದ್ರಿತ ವರದಿಯಿಂದ ಶುರುಮಾಡುವುದೇ ಜಾಣತನ.

ವರದಿಯ ಜನಸಂಖ್ಯೆ ರಿಜಿಸ್ಟರಿಗೆ ತಾಳೆಯಾಗದಿದ್ದರೆ ಗಾಬರಿ ಬೇಡ. ಕರ್ತನ ಭೋಜನಕ್ಕೆ ಸೇರುವವರು, ಮಕ್ಕಳು, ದೀಕ್ಷೆಗೆ ಸಿದ್ಧರಾಗುತ್ತಿರುವವರು ಬೇರೆ ಬೇರೆ ಕಾಲಂಗಳಲ್ಲಿರುತ್ತಾರೆ. ಒಂದು ವರ್ಷದ ಒಂದು ಕಾಲಂ ಅನ್ನು ಇನ್ನೊಂದು ವರ್ಷದ ಒಟ್ಟು ಮೊತ್ತದ ಜೊತೆ ಹೋಲಿಸಿದರೆ ಸಭೆ ಇದ್ದಕ್ಕಿದ್ದಂತೆ ಬೆಳೆದ ಹಾಗೆ ಕಾಣುತ್ತದೆ.

1914ರ ನಂತರ ವರದಿಗಳು ತೆಳುವಾದರೆ ಅದಕ್ಕೆ ಕಾರಣ ಯುದ್ಧ. ಜರ್ಮನ್ ಮಿಷನರಿಗಳನ್ನು ಸರ್ಕಾರ ಬಂಧನದಲ್ಲಿಟ್ಟು, ಆಮೇಲೆ ದೇಶ ಬಿಡಿಸಿತು. ಸಭೆ ಮುಚ್ಚಿತ್ತೆಂದು ಬರೆದುಬಿಡಬೇಡಿ, ಊರಿನ ಸಭಾಪಾಲಕರು ಮತ್ತು ಸಭಾ ಹಿರಿಯರ ಹೆಸರು ರಿಜಿಸ್ಟರಿನಲ್ಲಿ ಇದೆಯೇ ನೋಡಿ. ಹಾಗೆಯೇ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹೆಸರಿನ ಪುಸ್ತಕ ಸಭೆಯ ಮೊದಲ ಪುಸ್ತಕವಲ್ಲ. ಸಿ.ಎಸ್.ಐ. ಹುಟ್ಟಿದ್ದು 27 ಸೆಪ್ಟೆಂಬರ್ 1947ರಂದು. ಉತ್ತರ ಕರ್ನಾಟಕದ ಬಾಸೆಲ್ ಮಿಷನ್ ಸಭೆಗಳು ಅದಕ್ಕೆ ಸೇರಿದ್ದು ಇನ್ನೂ ತಡವಾಗಿ.

ಹೆಸರು, ವರ್ಷಕ್ಕಾಗಿ ಸ್ಮಶಾನದ ಕಲ್ಲುಗಳನ್ನೂ ಓದುವುದಾದರೆ ಅವನ್ನು ಮೃದುವಾದ ಬ್ರಷ್ ಮತ್ತು ಬರೀ ನೀರಿನಿಂದ ತೊಳೆಯಿರಿ. ಆಸಿಡ್ ಅಕ್ಷರವನ್ನೇ ತಿನ್ನುತ್ತದೆ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ರಿಜಿಸ್ಟರಿನ ಫೋಟೊಗೆ ಫ್ಲ್ಯಾಶ್ ಬೇಡ, ಹೊಲಿಗೆ ಬಿಚ್ಚುವಷ್ಟು ಅಗಲಿಸುವುದೂ ಬೇಡ. ದೀಕ್ಷೆಗೆ ಮುಂಚಿನ ಹೆಸರು, ಜಾತಿ ಅಲ್ಲಿ ಬರೆದಿದ್ದರೆ ಆ ಕುಟುಂಬದವರನ್ನು ಕೇಳದೆ ಅಚ್ಚುಹಾಕಿಸಬೇಡಿ.